ಮೊದಲು ಪದ, ಆಮೇಲೆ ಮಾತು

ನಮ್ಮ ಕಡೆ ದೊಡ್ಡ ಕಾಯಿಲೆಗೆ ದಿಕ್ಕು ಹೆಚ್ಚಾಗಿ ಒಂದೇ, ತೆಂಕು. ಕುಮಟಾ ತಾಲ್ಲೂಕಿನ ಹೊಳನಗದ್ದೆಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡಿತು, ತಲೆಗೆ ಪೆಟ್ಟು ಬಿತ್ತು, ಕೈಕಾಲು ಸ್ವಾಧೀನ ತಪ್ಪಿತು ಎಂದರೆ ಕುಮಟಾದಲ್ಲಿ ಮೊದಲ ಚಿಕಿತ್ಸೆ ಮುಗಿಸಿಕೊಂಡು ಆಂಬುಲೆನ್ಸ್ ಹೆದ್ದಾರಿಗೆ ಬಂದು ತೆಂಕಕ್ಕೆ ತಿರುಗುತ್ತದೆ. ಹೊನ್ನಾವರದಲ್ಲಿ ಶರಾವತಿ ದಾಟಿ, ಮಂಕಿ, ಮುರ್ಡೇಶ್ವರ, ಭಟ್ಕಳ, ಶಿರೂರು, ಬೈಂದೂರು, ಕುಂದಾಪುರಗಳನ್ನು ಹಿಂದೆ ಬಿಟ್ಟು ಉಡುಪಿ, ಅಲ್ಲಿಂದ ಮಣಿಪಾಲದ ಗುಡ್ಡ. ಕೆಲವರು ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುತ್ತಾರೆ, ಕೆಲವರು ಕಾರವಾರ ದಾಟಿ ಗೋವಾದ ಬಾಂಬೋಳಿಗೆ. ಎಲ್ಲಿಗೆ ಹೋದರೂ ನೂರು ಕಿಲೋಮೀಟರ್ ಮೀರಿದ ದಾರಿ. ಈ ಊರುಗಳ ಹೆಸರು ನಮ್ಮ ಮಕ್ಕಳಿಗೆ ಶಾಲೆಯ ನಕಾಶೆಗಿಂತ ಮೊದಲು ಮನೆಯವರ ಆತಂಕದಲ್ಲಿ ಬಾಯಿಪಾಠವಾಗುತ್ತವೆ.

2022ರ ಜುಲೈ 20ರಂದು ಹೊನ್ನಾವರ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಒದ್ದೆ ರಸ್ತೆಯ ಮೇಲೆ ಜಾರಿ ಅಪ್ಪಳಿಸಿ ನಾಲ್ವರು ತೀರಿಕೊಂಡರು. ಆ ದೃಶ್ಯವನ್ನು ಮೊಬೈಲಿನಲ್ಲಿ ನೋಡದ ಮನೆ ನಮ್ಮ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಇರಲಿಕ್ಕಿಲ್ಲ. ‘ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ’ ಎಂದು ಜಿಲ್ಲೆಯ ಜನ ಎದ್ದದ್ದು ಆಗ. ಅದಕ್ಕೂ ಮೊದಲು, 2019ರಲ್ಲಿ, ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಹುಡುಗರು ಜಾಲತಾಣದಲ್ಲಿ ದೊಡ್ಡ ದನಿ ಎತ್ತಿದ್ದರು. ಆ ದನಿಯಲ್ಲಿ ನನ್ನದೂ ಸೇರಿದೆ, ಈಗಲೂ ಇದೆ. ಆದರೆ ಇವತ್ತು ಬರೆಯಬೇಕೆಂದಿರುವುದು ತೆಂಕಕ್ಕೆ ಹೋಗುವ ದಾರಿಯ ಬಗ್ಗೆ ಅಲ್ಲ. ಹೋದವರು ಉಳಿದು, ಅದೇ ದಾರಿಯಲ್ಲಿ ಬಡಗಕ್ಕೆ ಬಂದು, ನಮ್ಮ ಜಗಲಿಯ ಮೇಲೆ ಮಲಗಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. ಅರ್ಧ ಕಾಯಿಲೆ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಉಳಿದರ್ಧ ಮನೆಯಲ್ಲಿ ಮುಗಿಯಬೇಕು, ಅದರ ಲೆಕ್ಕ ಇಡುವವರು ಕಡಿಮೆ.

ಹೊಳನಗದ್ದೆಯ ನನ್ನ ಸೋದರಮಾವನಿಗೆ ಕಳೆದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಬೆಳಗಿನ ಜಾವ ಏಳಹೋದರೆ ಬಲಗೈ ಏಳಲಿಲ್ಲ. ಬಾಯಿ ಒಂದು ಕಡೆಗೆ ಜಗ್ಗಿತ್ತು. ಅತ್ತೆ ಗಾಬರಿಯಿಂದ ಕೂಗಿದಾಗ ಉತ್ತರ ಕೊಡಲು ಬಾಯಿ ತೆರೆದರು, ದನಿ ಬಂತು, ಮಾತು ಬರಲಿಲ್ಲ. ರಾತ್ರಿ ಮಲಗುವಾಗ ಸರಿಯಾಗಿದ್ದ ಮನುಷ್ಯನಿಗೆ ನಿದ್ದೆಯಲ್ಲಿ ಯಾವ ಹೊತ್ತಿಗೆ ಹೀಗಾಯಿತೆಂದು ಯಾರಿಗೂ ಗೊತ್ತಿಲ್ಲ. ಈ ಒಂದು ಗೊತ್ತಿಲ್ಲದಿರುವಿಕೆಯೇ ದೊಡ್ಡ ತೊಡಕಾಯಿತು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಆದದ್ದು ಹೆಪ್ಪೋ ರಕ್ತಸ್ರಾವವೋ ಎಂದು ನೋಡಿಕೊಳ್ಳಬೇಕು. ರಕ್ತಸ್ರಾವವಾಗಿದ್ದರೆ ಅದೇ ಔಷಧ ಜೀವ ತೆಗೆಯುತ್ತದೆ. ಮಾವನದು ಹೆಪ್ಪು. ಆದರೆ ಹೊತ್ತು ಗೊತ್ತಿಲ್ಲ, ದಾರಿ ಉದ್ದ. ಇಂಜೆಕ್ಷನ್ನಿನ ಕಾಲ ಮೀರಿತ್ತು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಆಂಬುಲೆನ್ಸಿನ ಮೂಲೆಯಲ್ಲಿ ಕೂತಿದ್ದ ನನಗೆ ಆ ಅಂಕಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ಯಾರಿಗಾದರೂ ಪಾರ್ಶ್ವವಾಯುವಿನ ಅನುಮಾನ ಬಂದರೆ, ಬಾಯಿ ಓರೆಯಾಗಿದೆಯೇ, ಎರಡೂ ಕೈ ಒಟ್ಟಿಗೆ ಎತ್ತಿದರೆ ಒಂದು ಕೆಳಗೆ ಜಾರುತ್ತದೆಯೇ, ಮಾತು ತೊದಲುತ್ತದೆಯೇ ಎಂದು ನೋಡಿ. ಮೂರರಲ್ಲಿ ಒಂದು ಕಂಡರೂ ಸರಿ, ಗಡಿಯಾರ ನೋಡಿಕೊಂಡು ಆಸ್ಪತ್ರೆಗೆ ಹೊರಡಿ. ಸ್ವಲ್ಪ ಮಲಗಿದರೆ ಸರಿ ಹೋಗುತ್ತದೆ, ಬಿಸಿ ಕಾಫಿ ಕುಡಿಯಲಿ, ನಾಳೆ ನೋಡುವಾ ಎನ್ನುವುದು ಬೇಡ. ಈ ಅಂಕಣವನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗುವವರಿದ್ದರೆ ಇಷ್ಟನ್ನಾದರೂ ತೆಗೆದುಕೊಂಡು ಹೋಗಲಿ.

ಆಸ್ಪತ್ರೆಯವರು ಜೀವ ಉಳಿಸಿ ಕಳಿಸಿದರು. ಮನೆಗೆ ಬಂದ ಮಾವನ ಬಲಗೈ ತೊಡೆಯ ಮೇಲೆ ಇಟ್ಟಲ್ಲಿಯೇ ಇರುತ್ತಿತ್ತು, ಬಲಗಾಲನ್ನು ಎಳೆದು ಹಾಕಬೇಕಿತ್ತು, ಬಾಯಲ್ಲಿ ‘ಅದು, ಅದು’ ಬಿಟ್ಟರೆ ಬೇರೆ ಶಬ್ದವಿಲ್ಲ. ನೀರು ಬೇಕಾದರೂ ‘ಅದು’, ಕಿಟಕಿ ಮುಚ್ಚಬೇಕಾದರೂ ‘ಅದು’. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪೌಲ್ ಬ್ರೋಕಾ ಎದುರಿಗೆ ಬಂದ ರೋಗಿಯ ಬಾಯಲ್ಲಿ ‘ಟಾನ್’ ಎಂಬ ಒಂದೇ ಶಬ್ದ ಉಳಿದಿತ್ತಂತೆ. ಆತ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿದ ಬ್ರೋಕಾ ಎಡಭಾಗದ ಮುಂದಿನ ಒಂದು ಜಾಗ ಕೆಟ್ಟಿರುವುದನ್ನು ಕಂಡರು. ಮಾತನ್ನು ಹೊರಡಿಸುವ ಆ ಜಾಗಕ್ಕೆ ಇವತ್ತಿಗೂ ಅವರದೇ ಹೆಸರು. ಆ ಜಾಗಕ್ಕೆ ಪೆಟ್ಟು ಬಿದ್ದವರಿಗೆ ಹೇಳಬೇಕಾದದ್ದು ಮನಸ್ಸಿನಲ್ಲಿರುತ್ತದೆ, ಬಾಯಿಗೆ ಬರುವುದಿಲ್ಲ. ಬೇರೆಯವರು ಹೇಳಿದ್ದು ಮಾತ್ರ ಬಹುಮಟ್ಟಿಗೆ ತಿಳಿಯುತ್ತದೆ.

ಈ ಕೊನೆಯ ವಿಷಯ ಊರಿನವರಿಗೆ ಗೊತ್ತಿರಲಿಲ್ಲ. ನೋಡಲು ಬಂದವರು ಎಳನೀರಿನ ಗೊನೆ ಇಟ್ಟು, ಮಾವನ ಮಂಚದ ಪಕ್ಕದಲ್ಲೇ ಕೂತು, ಅತ್ತೆಯ ಹತ್ತಿರ ಕೇಳುತ್ತಿದ್ದರು: ‘ಮಾತು ಬರೂದೇ ಇಲ್ವಾ? ಇನ್ನು ಬರೂದು ಕಷ್ಟ ಅಲ್ವಾ? ಪಾಪ, ಹೆಂಗಿದ್ದ ಮನುಷ್ಯ.’ ಮಾವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಬಂದವರು ಹೋದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಬಂದವರ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ, ರಾತ್ರಿ ಹಗಲೆನ್ನದೆ ಓಡಿಬಂದ ಜನ ಅವರೇ. ಆದರೆ ಮಾತು ಹೋದವನಿಗೆ ಬುದ್ಧಿಯೂ ಹೋಗಿದೆ ಎಂದು ನಾವು ಎಷ್ಟು ಸುಲಭವಾಗಿ ತಿಳಿದುಬಿಡುತ್ತೇವೆ. ಕಡೆಗೆ ಮಾವನ ಮಗಳು ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಹೇಳತೊಡಗಿದಳು: ‘ಅಪ್ಪಂಗೆ ಎಲ್ಲ ತಿಳೀತದೆ. ನೀವು ಅವರ ಹತ್ರನೇ ಮಾತಾಡಿ. ಹೌದು, ಇಲ್ಲ ಅನ್ನೋ ಹಾಂಗೆ ಕೇಳಿ, ತಲೆ ಆಡಿಸ್ತಾರೆ. ಅವಸರ ಮಾಡ್ಬೇಡಿ.’ ಅವಳ ಧೈರ್ಯ ನನಗೆ ಇರಲಿಲ್ಲ. ಹಿರಿಯರಿಗೆ ಹಾಗೆ ಹೇಳುವುದು ನಮ್ಮಲ್ಲಿ ಸುಲಭವಲ್ಲ.

ಮೊದಲ ವಾರಗಳಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ನೀರು. ಪಾರ್ಶ್ವವಾಯು ಆದ ಅನೇಕರಿಗೆ ನುಂಗುವ ಸ್ನಾಯುಗಳೂ ಸೋಲುತ್ತವೆ. ತೆಳ್ಳಗಿನ ನೀರು ಬೇಗ ಹರಿದು ಶ್ವಾಸನಾಳಕ್ಕೆ ಇಳಿದುಬಿಡುತ್ತದೆ, ಅದರಿಂದ ನ್ಯುಮೋನಿಯಾ ಬರಬಹುದು. ಪಾರ್ಶ್ವವಾಯುವಿನಿಂದ ಉಳಿದವರು ಈ ನ್ಯುಮೋನಿಯಾಕ್ಕೆ ಹೋಗುವುದುಂಟು. ಬೆನ್ನು ನೆಟ್ಟಗೆ ಮಾಡಿ ಕೂರಿಸಿ, ಗದ್ದ ಎದೆಯ ಕಡೆಗೆ ಬಾಗಿಸಿ, ಅರ್ಧ ಚಮಚ ಕೊಟ್ಟು, ಗಂಟಲ ಗುಬ್ಬಿ ಮೇಲೆದ್ದು ಇಳಿಯುವುದನ್ನು ನೋಡಿಕೊಂಡು ಇನ್ನರ್ಧ ಚಮಚ ಕೊಡುವುದನ್ನು ಮಣಿಪಾಲದಲ್ಲಿ ಅತ್ತೆಗೆ ಕಲಿಸಿದ್ದರು. ಕುಚಲಕ್ಕಿ ಗಂಜಿಯನ್ನು ಅರೆದು ದಪ್ಪ ಮಾಡಿ ಅವರು ಉಣ್ಣಿಸುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಅತ್ತೆಯ ಕಣ್ಣು ಮಾವನ ಗಂಟಲ ಮೇಲಿಂದ ಕದಲುತ್ತಿರಲಿಲ್ಲ. ಟಿ.ವಿ. ಬಂದ್, ಮೊಬೈಲ್ ಬಂದ್, ಯಾರೂ ಮಾತಾಡಬಾರದು. ಆಸ್ಪತ್ರೆಯ ಚೀಟಿಯಲ್ಲಿ ಇದಕ್ಕೆ ಒಂದು ಸಾಲು ಇರುತ್ತದೆ. ಮನೆಯಲ್ಲಿ ಅದು ದಿನಕ್ಕೆ ನಾಲ್ಕು ಹೊತ್ತಿನ ದುಡಿಮೆ.

ಆ ದಿನಗಳಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಇಡಗುಂಜಿಗೆ ಪಂಚಕಜ್ಜಾಯದ ಹರಕೆ ಹೊತ್ತದ್ದಾಯಿತು, ಧಾರೇಶ್ವರದಲ್ಲಿ ಪೂಜೆ ಆಯಿತು. ಅಂಕೋಲೆಯ ಬೆಳಂಬಾರಕ್ಕೆ ಕರೆದುಕೊಂಡು ಹೋಗಿ ಎಂದು ಹತ್ತು ಜನ ಹೇಳಿದರು. ಅಲ್ಲಿನ ಹಾಲಕ್ಕಿ ನಾಟಿವೈದ್ಯರ ಬಳಿಗೆ ಲಕ್ವ ಹೊಡೆದವರನ್ನು ಕರೆದುಕೊಂಡು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನೆಲದ ಈ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಎಣ್ಣೆ ಹಚ್ಚಿ ನೀವುವಾಗ ಸೋತ ಕೈಗೆ ಮನುಷ್ಯರ ಕೈ ತಾಗುವುದೇ ಒಂದು ಸಮಾಧಾನ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ, ಬಿ.ಪಿ. ಮಾತ್ರೆ ಇವೆರಡನ್ನು ಯಾರು ಹೇಳಿದರೂ ನಿಲ್ಲಿಸಬಾರದು. ಒಮ್ಮೆ ಪಾರ್ಶ್ವವಾಯು ಆದವರಿಗೆ ಇನ್ನೊಮ್ಮೆ ಆಗುವ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ಅತ್ತೆ ವೈದ್ಯರನ್ನು ಕೇಳಿಕೊಂಡೇ ಎಣ್ಣೆ ಹಚ್ಚಿದರು, ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಇಷ್ಟಾದರೂ ಮನೆಯಲ್ಲಿ ಯಾರಿಗೂ ಭರವಸೆ ಇರಲಿಲ್ಲ ಎಂಬುದು ನಿಜ. ಮಾಡಬೇಕಾದದ್ದನ್ನೆಲ್ಲ ಮಾಡುತ್ತಿದ್ದರು, ಅಷ್ಟೇ. ಫಿಸಿಯೋಥೆರಪಿಯವರು ಬಂದರೆ ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ವೀಡಿಯೊ ಕರೆಯಲ್ಲಿ ಮಾತು ಕಲಿಸಲು ಬರುತ್ತಿದ್ದ ಹುಡುಗಿ ಸೇಬು, ಆನೆ, ರೈಲುಗಳ ಚಿತ್ರ ತೋರಿಸಿ ಇದೇನು ಎಂದರೆ ಎರಡನೇ ಚಿತ್ರಕ್ಕೇ ಮುಖ ತಿರುಗಿಸುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ತಾಳಮದ್ದಳೆಯ ಮುಂದಿನ ಸಾಲಿನಲ್ಲಿ ಕೂತು ಅರ್ಥದಾರಿಗಳ ತಪ್ಪನ್ನು ಎತ್ತಿ ಆಡುತ್ತಿದ್ದವರು, ‘ಆನೆ’ ಎನ್ನಲು ಬಾರದೆ ಮಗಳ ಎದುರು ಕೂರಬೇಕು. ಆ ಅವಮಾನವನ್ನು ನಾವು ಸೋಮಾರಿತನ ಎಂದುಕೊಂಡಿದ್ದೆವು. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಔಷಧವಿದೆ, ಅದನ್ನು ಗುರುತಿಸದಿದ್ದರೆ ಯಾವ ವ್ಯಾಯಾಮವೂ ಹಿಡಿಯುವುದಿಲ್ಲ ಎಂದು ತಿಳಿದದ್ದು ಮುಂದಿನ ಭೇಟಿಯಲ್ಲಿ ವೈದ್ಯರು ಹೇಳಿದ ಮೇಲೆ. ಒಂದು ಮಾತ್ರೆ ಹೆಚ್ಚಾಯಿತು. ಮಗಳು ಸೇಬು, ಆನೆಗಳನ್ನು ಬಿಟ್ಟು ಮನೆಯ ಮೆಟ್ಟುಗತ್ತಿ, ಒಳ್ಳು, ಬಂಗಡೆ ಮೀನು, ತೆಂಗಿನಕಾಯಿ, ಹಿತ್ತಲ ಬಾವಿ ಇವುಗಳ ಫೋಟೋ ತೆಗೆದು ಅವನ್ನೇ ಚಿತ್ರ ಮಾಡಿಕೊಂಡಳು. ಮಾವ ಮುಖ ತಿರುಗಿಸುವುದು ನಿಂತಿತು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ.

ಒಂದು ಸಂಜೆ ಅವಳು ಫೋನಿನಲ್ಲಿ ಸುಬ್ರಹ್ಮಣ್ಯ ಧಾರೇಶ್ವರರ ಯಕ್ಷಗಾನ ಭಾಗವತಿಕೆ ಹಾಕಿದ್ದಳು. 2024ರ ಏಪ್ರಿಲಿನಲ್ಲಿ ಆ ಭಾಗವತರು ತೀರಿಕೊಂಡಾಗ ನಮ್ಮ ಕಡೆ ಮನೆಮನೆಯಲ್ಲೂ ಅವರ ಹಾಡು ಕೇಳಿಸಿತ್ತು, ಮಾವನಂತೂ ಅವರ ಹಳೆಯ ಕ್ಯಾಸೆಟ್ಟುಗಳನ್ನು ಈಗಲೂ ಡಬ್ಬಿಯಲ್ಲಿ ಇಟ್ಟುಕೊಂಡವರು. ಪದ್ಯ ಎತ್ತುಗಡೆಯಾಗಿ ಎರಡನೇ ಸಾಲಿಗೆ ಬರುವಾಗ ಜಗಲಿಯಿಂದ ಇನ್ನೊಂದು ದನಿ ಸೇರಿತು. ದನಿ ಒರಟಾಗಿತ್ತು, ಶ್ರುತಿ ತಪ್ಪುತ್ತಿತ್ತು, ಆದರೆ ಅಕ್ಷರಗಳಿದ್ದವು. ಸಾಲಿಗೆ ಸಾಲು, ಪೂರ್ತಿ ಅಕ್ಷರಗಳು. ಎಡಗೈ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು. ಅತ್ತೆ ಒಲೆ ಮುಂದಿನಿಂದ ಎದ್ದು ಬಂದರು. ನನಗೆ ಫೋನ್ ಮಾಡಿದಾಗ ಅವರಿಗೆ ಹೇಳಲಿಕ್ಕೇ ಆಗುತ್ತಿರಲಿಲ್ಲ: ‘ತಮಾ, ಪದ ಹೇಳಿದ್ರು. ಇವ್ರು ಪದ ಹೇಳಿದ್ರು.’

ಮಾತಾಡಲಾರದವರು ಹಾಡಬಲ್ಲರು ಎಂಬುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಮಾತಿನ ಕೆಲಸ ಹೆಚ್ಚಾಗಿ ಮೆದುಳಿನ ಎಡಭಾಗದ್ದು, ರಾಗ ಲಯಗಳಲ್ಲಿ ಬಲಭಾಗಕ್ಕೆ ದೊಡ್ಡ ಪಾಲಿದೆ. ಬಾಲ್ಯದಿಂದ ಕೇಳಿ ಕೇಳಿ ಹಾಡಿ ಹಾಡಿ ಗಟ್ಟಿಯಾದ ಪದ್ಯ ಎಡಭಾಗ ಕೆಟ್ಟರೂ ಬೇರೆ ದಾರಿಯಿಂದ ಹೊರಗೆ ಬರುತ್ತದೆ. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ಇದನ್ನೇ ಹಿಡಿದು ಒಂದು ಚಿಕಿತ್ಸಾ ಪದ್ಧತಿ ಕಟ್ಟಿದರು. ದಿನಬಳಕೆಯ ಚಿಕ್ಕ ಮಾತಿಗೆ ಏರಿಳಿತದ ಧಾಟಿ ಕೊಡುವುದು, ಎಡಗೈಯಲ್ಲಿ ಉಚ್ಚಾರಕ್ಕೊಂದು ತಟ್ಟು ತಟ್ಟುವುದು, ಮೊದಲು ಇಬ್ಬರೂ ಸೇರಿ ಹಾಡುವುದು, ನಡುವೆ ಕಲಿಸುವವರು ಮೆಲ್ಲಗೆ ದನಿ ತೆಗೆಯುವುದು, ಆಮೇಲೆ ರಾಗವನ್ನೂ ಸ್ವಲ್ಪ ಸ್ವಲ್ಪವೇ ಇಳಿಸಿ ಮಾತಿಗೆ ತರುವುದು. 2011ರಲ್ಲಿ ತಲೆಗೆ ಗುಂಡೇಟು ಬಿದ್ದು ಮಾತು ಕಳೆದುಕೊಂಡ ಅಮೆರಿಕದ ಸಂಸದೆ ಗೇಬ್ರಿಯಲ್ ಗಿಫರ್ಡ್ಸ್ ಮರಳಿ ಮಾತು ಕಲಿತದ್ದರಲ್ಲಿ ಹಾಡಿನ ಪಾಲು ದೊಡ್ಡದು.

ಮಾವ ಪದ ಹೇಳಿದ ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಂಗಳೂರಿನ ಮಗ ಬಸ್ಸು ಹತ್ತಿ ಬಂದ. ಕಾಯಿಲೆ ಅರ್ಧ ಗುಣವಾಯಿತು ಎಂದೇ ಎಲ್ಲರ ಎಣಿಕೆ. ಮಾತು ಕಲಿಸುವ ಹುಡುಗಿಗೆ ಸುದ್ದಿ ಹೇಳಿದರೆ ಅವಳೂ ಖುಷಿಪಟ್ಟಳು, ಆದರೆ ಒಂದು ಎಚ್ಚರಿಕೆ ಹೇಳಿದಳು. ಬಾಯಿಪಾಠ ಇದ್ದ ಪದ್ಯ ಬಂದರೆ ಮಾತು ಬಂದ ಹಾಗಲ್ಲ. ‘ನನಗೆ ನೀರು ಬೇಕು’ ಎಂಬುದನ್ನು ಅವರು ಹೊಸದಾಗಿ ಕಟ್ಟಬೇಕು, ಅದು ಬೇರೆಯದೇ ಕೆಲಸ, ಎಲ್ಲರಿಗೂ ಈ ಪದ್ಧತಿ ಹಿಡಿಯುವುದೂ ಇಲ್ಲ. ‘ಬಂದವರ ಎದುರು ಹಾಡಿ ತೋರಿಸಿ ಅಂತ ಅವರಿಗೆ ಹೇಳಬೇಡಿ. ಬಾಗಿಲು ತೆರೆದಿದೆ, ಇನ್ನು ಕೆಲಸ ಶುರು ಮಾಡಬಹುದು.’

ಆ ಹುಡುಗಿಯ ಪ್ರಾಯ ಇಪ್ಪತ್ತೈದು ಇದ್ದೀತು. ಅವಳು ಹೇಳಿದ್ದರಲ್ಲಿ ನನಗೆ ಭರವಸೆ ಎಂಬುದರ ಇಡೀ ಸ್ವಭಾವ ಕಂಡಿತು. ಅಲ್ಲಿಯವರೆಗೆ ನಾವು ಕಾಯುತ್ತಿದ್ದೆವು, ದೇವರು ದಾರಿ ತೋರಿಸಲಿ, ಔಷಧ ಹಿಡಿಯಲಿ, ದಿನ ಕಳೆಯಲಿ ಎಂದು. ಭರವಸೆ ಬಂದ ದಿನದಿಂದ ಮನೆಯಲ್ಲಿ ಕೆಲಸ ಕಡಿಮೆಯಾಗಲಿಲ್ಲ, ಮೂರು ಪಾಲು ಹೆಚ್ಚಾಯಿತು. ಮಗಳು ಒಂದು ನೋಟುಪುಸ್ತಕದಲ್ಲಿ ಚಿಕ್ಕ ಚಿಕ್ಕ ಮಾತುಗಳನ್ನು ಬರೆದಳು: ನೀರು ಬೇಕು, ಸಾಕು, ಗಂಜಿ ಬೇಡ, ಹೊರಗೆ ಹೋಗುವಾ. ಮಾವನಿಗೆ ಗೊತ್ತಿದ್ದ ಧಾಟಿಗಳಿಗೇ ಅವನ್ನು ಕೂರಿಸಿದಳು. ಬೆಳಿಗ್ಗೆ ಅವಳ ಪಾಳಿ, ಮಧ್ಯಾಹ್ನ ಅತ್ತೆಯದು, ಸಂಜೆ ಪಕ್ಕದ ಮನೆಯ ಹೈಸ್ಕೂಲು ಹುಡುಗನದು. ಅವನಿಗೆ ಮದ್ದಳೆ ಕಲಿಯುವ ಹುಚ್ಚು, ಆದ್ದರಿಂದ ಅವನ ಪಾಳಿಯಲ್ಲಿ ಎಡಗೈ ತಟ್ಟು ತಪ್ಪುವಂತೆಯೇ ಇರಲಿಲ್ಲ. ಮಗ ಬೆಂಗಳೂರಿಗೆ ಮರಳಿದ ಮೇಲೂ ರಾತ್ರಿ ವೀಡಿಯೊದಲ್ಲಿ ಬಂದು ಒಂದು ಪುಟ ಮಾಡಿಸುತ್ತಿದ್ದ.

ಮೆದುಳು ಇದನ್ನು ಹೇಗೆ ಸಾಧಿಸುತ್ತದೆ ಎಂದು ಮಾವನ ಮನೆಯವರಿಗೆ ನಾನು ಹೇಳಿದ್ದು ಹೀಗೆ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಸಣ್ಣ ಒಳದಾರಿಗಳಲ್ಲಿ ವಾಹನ ಓಡತೊಡಗಿದವು. ಮೊದಲು ಒಂದೊಂದೇ, ನಿಧಾನವಾಗಿ. ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲ, ಆ ಗುಡ್ಡ ಅಲ್ಲೇ ಬಿದ್ದಿರುತ್ತದೆ. ಆದರೆ ಸುತ್ತಲಿನ ಕೋಶಗಳು ಹೊಸ ಸಂಪರ್ಕ ಮಾಡಿಕೊಳ್ಳುತ್ತವೆ, ಓಡಾಡಿದಷ್ಟೂ ಆ ದಾರಿ ಅಗಲವಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಈ ಕೆಲಸ ಚುರುಕು, ಆಮೇಲೆ ನಿಧಾನ, ನಿಂತೇಹೋಗುವುದಿಲ್ಲ. ವರ್ಷದ ಮೇಲೂ ಮಾತು ಸುಧಾರಿಸಿದವರಿದ್ದಾರೆ.

ಬಹಳ ದಿನ ಧಾಟಿಯೊಳಗೇ ಇದ್ದ ಮಾತು ಒಂದು ಮಧ್ಯಾಹ್ನ ಧಾಟಿ ಬಿಟ್ಟು ಹೊರಗೆ ಬಂತು. ಅತ್ತೆ ಗಂಜಿಯ ಚಮಚ ಬಾಯಿಗಿಟ್ಟಿದ್ದರು. ಮಾವ ನುಂಗಿ, ಚಮಚವನ್ನು ಎಡಗೈಯಿಂದ ತಡೆದು, ಅತ್ತೆಯ ಮುಖ ನೋಡಿ, ಸ್ಪಷ್ಟವಾಗಿ, ‘ಉಪ್ಪಿಲ್ಲ’ ಎಂದರು. ಯಾರೂ ಕಲಿಸಿದ್ದಲ್ಲ, ನೋಟುಪುಸ್ತಕದಲ್ಲಿ ಇದ್ದದ್ದೂ ಅಲ್ಲ. ಅವರದೇ ನಾಲಿಗೆಗೆ ಅನಿಸಿದ್ದು, ಅವರೇ ಕಟ್ಟಿದ್ದು.

ಉಪ್ಪು ನಿಜಕ್ಕೂ ಇರಲಿಲ್ಲ. ಅತ್ತೆ ಬೇಕೆಂದೇ ಕಡಿಮೆ ಹಾಕುತ್ತಿದ್ದರು. ಮಾವನ ರಕ್ತನಾಳ ಕೆಟ್ಟದ್ದು ವರ್ಷಗಟ್ಟಲೆ ಲೆಕ್ಕಕ್ಕೆ ಬಾರದ ಬಿ.ಪಿ.ಯಿಂದ ಎಂದು ವೈದ್ಯರು ಹೇಳಿದ್ದರು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಚಹಾ ಚಮಚಕ್ಕೂ ಒಳಗೆ. ಸಾಣಿಕಟ್ಟೆಯ ಉಪ್ಪಿನಾಗರಗಳಿರುವ ತಾಲ್ಲೂಕು ನಮ್ಮದು. ಗಂಜಿಯ ಜೊತೆ ಮಾವಿನಮಿಡಿ, ಮಳೆಗಾಲಕ್ಕೆ ಒಣಮೀನು, ಮಜ್ಜಿಗೆಗೆ ಇನ್ನೊಂದು ಚಿಟಿಕೆ ಎಂದು ಉಣ್ಣುವ ನಮಗೆ ಎಷ್ಟು ಉಪ್ಪು ಒಳಗೆ ಹೋಗುತ್ತದೆಂಬ ಅಂದಾಜೂ ಇಲ್ಲ. ಬಿ.ಪಿ. ನೋವು ಕೊಡುವ ಕಾಯಿಲೆಯಲ್ಲ, ಅದಕ್ಕೇ ನೋಡಿಸುವುದಿಲ್ಲ. ಮನೆಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ಪರೀಕ್ಷಿಸುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿತು. ಅಂಥ ಯೋಜನೆಯವರು, ಆಶಾ ಕಾರ್ಯಕರ್ತೆಯರು ಮನೆಗೆ ಬಂದರೆ ‘ನಮಗೇನೂ ಇಲ್ಲ’ ಎಂದು ಕಳಿಸದೆ ಕೈ ಚಾಚಿ ಕೂರಬೇಕು.

ಅಂದು ಅತ್ತೆ ಉಪ್ಪು ಹಾಕಲಿಲ್ಲ. ಅಳುತ್ತಾ, ನಗುತ್ತಾ, ‘ಡಾಕ್ಟ್ರು ಬೈತ್ರು ಮಾರಾಯ್ರೆ’ ಎಂದು ಒಂದು ಹನಿ ಲಿಂಬೆಹುಳಿ ಹಿಂಡಿದರು.

ಕೈಯ ವಿಷಯಕ್ಕೂ ಒಂದು ದಾರಿ ಸಿಕ್ಕಿತು. ಬೇಸಿಗೆ ಬಂದರೆ ಕುಮಟಾದ ಹೆದ್ದಾರಿಯ ಬದಿಗೆಲ್ಲ ಸಿಹಿ ಈರುಳ್ಳಿಯ ಗೊಂಚಲುಗಳು ತೂಗಾಡುತ್ತವೆ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿ ಸುತ್ತಿನ ಮರಳು ಮಿಶ್ರಿತ ಗದ್ದೆಗಳಲ್ಲಿ ಭತ್ತದ ಕೊಯ್ಲಾದ ಮೇಲೆ ಬೆಳೆಯುವ ಈರುಳ್ಳಿ ಅದು. ಬುಡ ದೊಡ್ಡದಾದವುಗಳನ್ನು ಕೆಳಗೆ, ಸಣ್ಣವನ್ನು ಮೇಲೆ ಇಟ್ಟು, ಒಣಗಿದ ಎಲೆಗಳನ್ನೇ ಜಡೆಯಾಗಿ ಹೆಣೆದು ಗೊಂಚಲು ಮಾಡುತ್ತಾರೆ. ಮಾವ ಹುಡುಗನಾಗಿದ್ದಾಗಿನಿಂದ ಹೆಣೆದವರು. ರಬ್ಬರ್ ಚೆಂಡು ಹಿಸುಕಿ ಎಂದು ಫಿಸಿಯೋಥೆರಪಿಯವರು ಕೊಟ್ಟರೆ ಬದಿಗೆ ಇಡುತ್ತಿದ್ದ ಮಾವನ ಮುಂದೆ, ಏಪ್ರಿಲಿನಲ್ಲಿ ಅತ್ತೆ ಒಂದು ಬುಟ್ಟಿ ಈರುಳ್ಳಿ ತಂದು ಸುರಿದರು. ‘ಒಬ್ಳಿಗೇ ಆಗೂದಿಲ್ಲ, ನೀವೊಂದು ಕೈ ಹಿಡೀರಿ.’ ನಾನು ಅಲ್ಲಿದ್ದೆ. ಎಡಗೈ ಹೆಣೆಯಬೇಕಾದರೆ ಯಾರಾದರೂ ಬುಡ ಒತ್ತಿ ಹಿಡಿಯಲೇಬೇಕು. ಮಾವ ಬಲಗೈಯನ್ನು ಎಡಗೈಯಿಂದ ಎತ್ತಿ ಎಲೆಗಳ ಮೇಲೆ ಇಟ್ಟರು, ಮೊದಲು ಭಾರಕ್ಕೆ. ಎಲೆ ಜಾರಿತು. ಮತ್ತೆ ಇಟ್ಟರು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತ್ತು, ಅದನ್ನು ಬಿಡಿಸಿ ಎಲೆಯಡಿಗೆ ತುರುಕಿದರು. ಮೂರನೇ ಎಳೆಗೆ ಬರುವಾಗ ಆ ಹೆಬ್ಬೆರಳು ತಾನಾಗಿ ಒತ್ತಿತು. ಒಂದು ಗೊಂಚಲು ಮುಗಿಯುವಾಗ ಕತ್ತಲಾಗಿತ್ತು, ಸೊಟ್ಟವಾಗಿತ್ತು, ಮಾರಾಟಕ್ಕೆ ಆಗುವಂಥದ್ದಲ್ಲ. ಅದನ್ನು ಅಡುಗೆಮನೆಯಲ್ಲೇ ತೂಗುಹಾಕಿದರು. 

ಫಿಸಿಯೋಥೆರಪಿಯವರು ಇದನ್ನು ನೋಡಿ, ಚೆಂಡು ಬೇಡ, ಇದನ್ನೇ ಮಾಡಿ ಎಂದರು. ಅರ್ಥವಿರುವ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಬರಿಯ ವ್ಯಾಯಾಮಕ್ಕಿಂತ ಮೆದುಳಿಗೆ ಹೆಚ್ಚು ಹಿಡಿಯುತ್ತದೆ ಎಂಬುದು ಅವರ ಶಾಸ್ತ್ರವೂ ಹೌದು. ಅತ್ತೆಗೆ ಶಾಸ್ತ್ರ ಗೊತ್ತಿರಲಿಲ್ಲ. ಕಾಯಿಲೆಯವನಿಗೆ ಏನಾದರೂ ಕೊಡಬೇಕು ಎಂದೇ ಎಲ್ಲರೂ ಬರುತ್ತಿದ್ದಾಗ, ಅವನಿಂದ ಏನಾದರೂ ಕೇಳಬೇಕು ಎಂದು ಅನಿಸಿದ್ದು ಅವರೊಬ್ಬರಿಗೇ.

ಮಾತು ಪೂರ್ತಿ ಮರಳದೆಯೂ ಬದುಕು ಮರಳುವುದುಂಟು. ಸ್ವೀಡನ್ನಿನ ಕವಿ ತೊಮಾಸ್ ಟ್ರಾನ್ಸ್‌ಟ್ರೊಮರ್‌ಗೆ 1990ರಲ್ಲಿ ಪಾರ್ಶ್ವವಾಯುವಾಗಿ ಬಲಗೈ ಹೋಯಿತು, ಮಾತು ಬಹುಪಾಲು ಹೋಯಿತು. ಎಡಗೈಯೊಂದರಿಂದಲೇ ಪಿಯಾನೊ ನುಡಿಸುತ್ತಾ, ಮತ್ತೆ ಕವಿತೆ ಬರೆಯುತ್ತಾ ಇದ್ದ ಅವರಿಗೆ 2011ರಲ್ಲಿ ನೊಬೆಲ್ ಬಂತು. ಅವರ ಒಂದೆರಡು ಶಬ್ದಗಳ ಹಿಂದಿನ ಅರ್ಥವನ್ನು ಹಿಡಿದು ಲೋಕಕ್ಕೆ ಹೇಳುತ್ತಿದ್ದವರು ಹೆಂಡತಿ ಮೋನಿಕಾ. ನಮ್ಮ ಕುಮಟಾ ತಾಲ್ಲೂಕಿನ ಹನೇಹಳ್ಳಿಯ ಗಂಗಾಧರ ಚಿತ್ತಾಲರು ಪಾರ್ಕಿನ್ಸನ್ ಕಾಯಿಲೆಯೊಂದಿಗೆ ಬದುಕುತ್ತಲೇ ಕವಿಯಾಗಿ ಉಳಿದರು. ಇಂಥವರ ಹೆಸರು ಹೇಳುವಾಗ ಪಕ್ಕದಲ್ಲಿ ಇದ್ದವರನ್ನೂ ನೆನೆಯಬೇಕು ಎಂದು ನನಗೆ ಈಗೀಗ ಅನಿಸುತ್ತದೆ.

ಏಕೆಂದರೆ ಅತ್ತೆಯ ಬಿ.ಪಿ.ಯನ್ನು ಅಷ್ಟು ತಿಂಗಳಲ್ಲಿ ಯಾರೂ ನೋಡಿರಲಿಲ್ಲ. ಮಾವನನ್ನು ಎಬ್ಬಿಸಿ ಕೂರಿಸಿ ಅವರ ಸೊಂಟ ಹಿಡಿದುಕೊಂಡಿತ್ತು. ರಾತ್ರಿ ಎರಡು ಸಲ ಏಳುತ್ತಿದ್ದರು. ನೋಡಲು ಬಂದವರು ‘ಮಾವ ಹೆಂಗಿದ್ರು?’ ಎಂದು ಕೇಳುತ್ತಿದ್ದರೇ ಹೊರತು ‘ನೀವು ಉಂಡ್ರಾ?’ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಆರೈಕೆ ಮಾಡುವವಳು ಬಿದ್ದರೆ ಆ ಮನೆಯಲ್ಲಿ ಇಬ್ಬರು ಬಿದ್ದಂತೆ. ಅದು ಅರಿವಿಗೆ ಬಂದ ಮೇಲೆ ಮಗಳು ವಾರದಲ್ಲಿ ಒಂದು ದಿನ ಅತ್ತೆಯನ್ನು ಮನೆಯಿಂದ ಹೊರಗೆ ಕಳಿಸುತ್ತಾಳೆ, ತವರಿಗೋ, ಕುಮಟಾ ಪೇಟೆಗೋ, ಎಲ್ಲಿಗಾದರೂ. ಆ ದಿನ ಮಾವನ ಹೊಣೆ ಊರಿನದು. ಮೊದಲು ‘ಪಾಪ’ ಎನ್ನಲು ಬರುತ್ತಿದ್ದವರೇ ಈಗ ನೋಟುಪುಸ್ತಕ ಹಿಡಿದು ಪಾಳಿ ಮಾಡುತ್ತಾರೆ. ಇದನ್ನು ಕಂಡಾಗ ನನ್ನೂರಿನ ಬಗ್ಗೆ ನನಗೆ ಬಂದ ಅಭಿಮಾನ ದೊಡ್ಡದು.

ಆದರೆ ಊರಿನ ಒಳ್ಳೆಯತನದ ಮೇಲೆ ಎಲ್ಲವನ್ನೂ ಬಿಡಲಾಗದು. ಮಾವನ ಮನೆಯಲ್ಲಿ ಓದಿದ ಮಗಳಿದ್ದಳು, ವೀಡಿಯೊ ಕರೆಗೆ ಸಿಗ್ನಲ್ ಇತ್ತು, ಫಿಸಿಯೋಥೆರಪಿಯವರಿಗೆ ಕೊಡಲು ಮಗನ ಸಂಬಳವಿತ್ತು. ಗುಡ್ಡದ ಬುಡದಲ್ಲಿ, ಹೊಳೆಯಾಚೆ, ಮೀನುಗಾರರ ಕೇರಿಯಲ್ಲಿ ಇವು ಯಾವುದೂ ಇಲ್ಲದ ಮನೆಗಳಲ್ಲಿ ಇದೇ ಕಾಯಿಲೆಯವರು ಮಲಗಿದ್ದಾರೆ. ಮಾತು ಮತ್ತು ಶ್ರವಣದ ತಜ್ಞರನ್ನು ತಯಾರು ಮಾಡುವ ದೇಶದ ಹಿರಿಯ ಸಂಸ್ಥೆ, 1965ರಲ್ಲಿ ಹುಟ್ಟಿದ್ದು, ನಮ್ಮದೇ ಮೈಸೂರಿನಲ್ಲಿದೆ. ಅಲ್ಲಿ ಕಲಿತವರು ಕುಮಟಾ, ಹೊನ್ನಾವರ, ಭಟ್ಕಳದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆರಡು ದಿನವಾದರೂ ಕೂರುವಂತಾಗಬೇಕು, ಜೊತೆಗೆ ಮನೆಗೆ ಹೋಗುವ ಫಿಸಿಯೋಥೆರಪಿಯವರು ಇರಬೇಕು. ದೊಡ್ಡ ಆಸ್ಪತ್ರೆ ಬೇಕೆಂಬ ನಮ್ಮ ಕೂಗಿನಲ್ಲಿ ಈ ಬೇಡಿಕೆ ಇದುವರೆಗೆ ಸರಿಯಾಗಿ ಸೇರಿಲ್ಲ. ನೂರಾರು ಕೋಟಿಯ ಕಟ್ಟಡ ಏಳುವುದಕ್ಕೆ ವರ್ಷಗಳು ಬೇಕು, ಇದಕ್ಕೆ ಒಂದು ಕೋಣೆ ಸಾಕು. ಮುಂದಿನ ಮನವಿಪತ್ರ ಬರೆಯುವವರು ಈ ಸಾಲನ್ನೂ ಸೇರಿಸಲಿ.

ಮಾವ ಈಗ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ. ಎರಡು ಮೂರು ಶಬ್ದಗಳ ಮಾತು ಬರುತ್ತದೆ, ಸಿಟ್ಟು ಬಂದರೆ ನಾಲ್ಕು. ಹೆಂಗಿದ್ರಿ ಎಂದರೆ ‘ಅಡ್ಡಿಲ್ಲ’ ಎನ್ನುತ್ತಾರೆ. ಮಳೆ ಶುರುವಾದರೆ ಅಂಗಳ ಪಾಚಿಗಟ್ಟಿ ಜಾರುತ್ತದೆ, ನಡಿಗೆ ನಿಲ್ಲುತ್ತದೆ ಎಂದು ಜಗಲಿಯ ಉದ್ದಕ್ಕೂ ಸೊಂಟದೆತ್ತರಕ್ಕೆ ಅಡಿಕೆ ದಬ್ಬೆ ಕಟ್ಟಿದ್ದಾರೆ, ಹಿಡಿದುಕೊಂಡು ನಡೆಯಲು. ಕಟ್ಟುವಾಗ ಎಲ್ಲಿ ಗಂಟು ಹಾಕಬೇಕೆಂದು ಹೇಳಿದವರು ಮಾವ. ಗಣೇಶ ಚೌತಿಯೊಳಗೆ ಬಸ್ಸು ಹತ್ತಿ ತಾವೇ ಕುಮಟಾ ಪೇಟೆಗೆ ಹೋಗಿ ಬರಬೇಕು ಎಂಬುದು ಅವರ ಹಟ. ಬಸ್ಸಿನ ಮೆಟ್ಟಿಲಿನ ಎತ್ತರಕ್ಕೆ ಸರಿಯಾಗಿ ಪಕ್ಕದ ಮನೆಯ ಹುಡುಗ ಕಲ್ಲು ಜೋಡಿಸಿ ಕೊಟ್ಟಿದ್ದಾನೆ, ದಿನಾ ಸಂಜೆ ಅದನ್ನು ಹತ್ತಿ ಇಳಿಯುವುದು ನಡೆದಿದೆ.